ನೂರಕ್ಕೆ ಇಪ್ಪತ್ತೆರಡು

ಕಚೇರಿ, ಮೇಲಿನ ಮಹಡಿ
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಎದೆಯ ಹೊಲಿಗೆ ಎಳೆಯುವುದು ಕಡಿಮೆಯಾಯಿತೇ? ಎಡಗಡೆ ಮಗ್ಗುಲಾಗಿ ಮಲಗಲು ಈಗ ಆಗುತ್ತದೆಯೇ? ಅಕ್ಕ ಹೇಳಿದಳು, ಬೆಳಗಿನ ನಡಿಗೆಯ ನೆಪದಲ್ಲಿ ನೀವು ಅವಳ ಬೀದಿಯ ಕೊನೆಯಲ್ಲಿ ಯಾರೋ ಕಟ್ಟಿಸುತ್ತಿರುವ ಮನೆಯ ಮುಂದೆ ನಿಂತು ಗಾರೆಯವರಿಗೆ ಬುದ್ಧಿ ಹೇಳುತ್ತೀರಂತೆ. ಆ ಮನೆಯ ಯಜಮಾನರು ನಿಮ್ಮನ್ನು ಮೇಸ್ತ್ರಿ ಎಂದುಕೊಂಡು ದಿನಗೂಲಿ ಎಷ್ಟು ಎಂದು ಕೇಳಿದರಂತೆ. ಅಮ್ಮ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀವು ಆಸ್ಪತ್ರೆ ಸೇರಿದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಊಟದಲ್ಲಿ ಉಪ್ಪಿಲ್ಲ ಎಂದು ಅಕ್ಕನ ಮೇಲೆ ಮುನಿಸಿಕೊಳ್ಳಬೇಡಿ, ಅದು ಅವಳ ಜಿಪುಣತನವಲ್ಲ, ಡಾಕ್ಟರ ಆಜ್ಞೆ. ಡಾಕ್ಟರು ನಿಮಗೆ ಫೋನು ಕೊಡಬೇಡಿ ಅಂದಿದ್ದಾರೆಯೇ ಹೊರತು ಕಾಗದ ಕೊಡಬೇಡಿ ಅಂದಿಲ್ಲ. ನಾನೇ ವಿಚಾರಿಸಿದೆ. ವ್ಯವಹಾರದ ವಿಷಯ ಬರೆಯಬಹುದೇ ಎಂದಾಗ, "ನಿಜ ಬರೆಯೋದಾದ್ರೆ ಬರೀರಿ. ಏನಾಗಿದೆಯೋ ಅಂತ ಊಹೆ ಮಾಡ್ಕೊಂಡು ಒದ್ದಾಡೋದು ಅವರಿಗೆ ಇನ್ನೂ ಕೆಟ್ಟದ್ದು" ಅಂದರು. ನನಗೂ ಅದೇ ಅನುಕೂಲ. ಫೋನಿನಲ್ಲಾದರೆ ನೀವು ಕೂಗಾಡುತ್ತೀರಿ. ಕಾಗದದ ಮೇಲೆ ಎಷ್ಟೇ ಕೂಗಾಡಿದರೂ ನನ್ನ ಕಿವಿಗೆ ಬೀಳುವುದಿಲ್ಲ. ಸೋಮವಾರ ಅಮ್ಮ ಅಲ್ಲಿಗೆ ಬರುವವಳು ಇದನ್ನು ಕೈಯಲ್ಲೇ ತರುತ್ತಾಳೆ. ಮೊದಲು ಊಟ ಮಾಡಿ, ಆಮೇಲೆ ಓದಿ.

ನೀವು ಮಲಗಿದ ಮರುವಾರವೇ ಚಿಕ್ಕಪ್ಪ ನನಗೆ ಹೇಳಿ ಕಳಿಸಿದರು. ನಾನು ಬೇರೆಯವರ ಕಂಪನಿಗಳ ಲೆಕ್ಕ ತಪಾಸಣೆ ಮಾಡಿ ಸಂಬಳ ತೆಗೆದುಕೊಳ್ಳುವವಳು, ನಮ್ಮ ಕಂಪನಿಗೆ ಹೆಸರಿಗಷ್ಟೇ ನಿರ್ದೇಶಕಿ. ನಾಲ್ಕು ಜನರಿರಲಿ ಎಂದು ನೀವು, ಚಿಕ್ಕಪ್ಪ, ಅಮ್ಮ, ನಾನು ಎಂದು ಬರೆಸಿದ್ದಿರಲ್ಲ, ಆ ನಾಲ್ಕನೆಯವಳು. ಬ್ಯಾಂಕಿನವರು ವರ್ಷದ ಲೆಕ್ಕಪತ್ರ ಕೇಳಿದ್ದಾರೆ, ನೀವಿಲ್ಲದ್ದರಿಂದ ನನ್ನ ಸಹಿ ಬೇಕು ಎಂದರು ಚಿಕ್ಕಪ್ಪ. ಅವರ ಮೇಜಿನ ಮೇಲೆ ಹೊಳೆ ಪಕ್ಕದ ಜಾಗದ ಮೂರನೇ ಕಟ್ಟಡದ ಬಣ್ಣದ ಚಿತ್ರಗಳು ಆಗಲೇ ಅಚ್ಚಾಗಿ ಬಂದಿದ್ದವು. ಚಿತ್ರದಲ್ಲಿ ಈಜುಕೊಳ, ಈಜುಕೊಳದ ಪಕ್ಕ ಹಲ್ಲು ಕಿರಿಯುವ ಗಂಡ ಹೆಂಡತಿ. "ಮೂರನೇದು ಘೋಷಣೆ ಮಾಡಿದ್ರೆ ಕೊಳ್ಳೋರ ಮುಂಗಡ ಬರುತ್ತೆ ಮಗಳೇ, ಆ ಮುಂಗಡದಲ್ಲಿ ಎರಡನೇದು ಮುಗಿಸಿಬಿಡೋಣ. ಬ್ಯಾಂಕೂ ಹೊಸ ಸಾಲ ಕೊಡುತ್ತೆ. ನೀನೊಂದು ಸಹಿ ಹಾಕಿದ್ರೆ ಆಯ್ತು." ಎರಡನೇ ಕಟ್ಟಡದ ಮುಂಗಡ ಎಲ್ಲಿ ಹೋಯಿತು ಎಂದು ಕೇಳಿದೆ. ಅದು ಹೊಳೆ ಪಕ್ಕದ ಜಾಗವಾಗಿದೆ ಎಂದರು, ಆಲೂಗಡ್ಡೆ ಪಲ್ಯವಾಯಿತು ಎನ್ನುವಷ್ಟು ಸಲೀಸಾಗಿ. ಕೊಂಡಿದ್ದು ನೀವೇ ಎಂದೂ ಸೇರಿಸಿದರು. ನೀವು ಹಾಗೆ ಮಾಡುವವರೇ. ಕೂಡಿಡಿ ಎಂದು ನಾನು ಹೇಳಿದಾಗಲೆಲ್ಲ "ದುಡ್ಡನ್ನ ಬ್ಯಾಂಕಲ್ಲಿ ಮಲಗಿಸಿ ಜೋಗುಳ ಹಾಡೋಕೆ ನಾನೇನು ದಾದಿಯಾ?" ಎಂದು ನಗುತ್ತಿದ್ದಿರಿ.

ಸಹಿ ಹಾಕುವ ಮೊದಲು ಓದುತ್ತೇನೆ ಎಂದೆ. ಚಿಕ್ಕಪ್ಪ "ಓದು ಓದು" ಎಂದು ತಲೆ ಸವರಿದರು. ನಿಮ್ಮ ಕೋಣೆಯಲ್ಲಿ ಕುಳಿತು ಕಳೆದ ಮೂರು ವರ್ಷದ ಲೆಕ್ಕ ಹರಡಿಕೊಂಡೆ. ಅನುಪಾತ ಎಂದರೆ ನಿಮಗೆ ಕಾಂಕ್ರೀಟಿನದು ಮಾತ್ರ ಗೊತ್ತು, ಒಂದು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಹಾಗೇ ತಿಳಿಯಿರಿ. ಸ್ವಂತ ಬಂಡವಾಳವೇ ಕಂಪನಿಯ ಸಿಮೆಂಟು, ಸಾಲವೆಲ್ಲ ಮರಳು ಜಲ್ಲಿ. ಮೊದಲ ಕಟ್ಟಡದ ಕಾಲಕ್ಕೆ ನಮ್ಮದು ಒಂದಾದರೆ ಸಾಲವೂ ಒಂದೇ ಇತ್ತು. ಈಗ ನಮ್ಮದು ಒಂದು, ಸಾಲ ಮೂರಕ್ಕೂ ಮೇಲೆ. ಹೇಳಿದ್ದಕ್ಕಿಂತ ಮೂರು ಪಟ್ಟು ತೆಳುವಾಗಿ ಕಲಸಿದವನನ್ನು ನೀವು ಅವತ್ತೇ ಕೆಲಸದಿಂದ ಬಿಡಿಸುತ್ತಿದ್ದಿರಿ. ಇನ್ನು ಬಡ್ಡಿ. ಬಡ್ಡಿ ಕಳೆಯುವ ಮೊದಲಿನ ಲಾಭವನ್ನು ಬಡ್ಡಿಯಿಂದ ಭಾಗಿಸಿದರೆ ಲಾಭ ಎಷ್ಟು ಸಲ ಬಡ್ಡಿ ಕಟ್ಟಬಲ್ಲದು ಎಂದು ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ನಾಲ್ಕು ಸಲ ಕಟ್ಟುವಷ್ಟಿತ್ತು, ಈ ವರ್ಷ ಒಂದು ಸಲ ಕಟ್ಟಿ ಏದುಸಿರು ಬಿಡುತ್ತಿದೆ. ಮೊದಲ ಕಟ್ಟಡದ ಮನೆಗಳು ಮುಗಿದ ಐದಾರು ತಿಂಗಳಲ್ಲಿ ಬಿಕರಿಯಾಗುತ್ತಿದ್ದವು, ಈಗ ವರ್ಷ ಕಳೆದರೂ ಅದರ ಕೊನೆಯ ಮಹಡಿಯವು ಬೀಗ ಹಾಕಿಕೊಂಡು ಕೂತಿವೆ.

ಚಿಕ್ಕಪ್ಪ ಎದೆ ಉಬ್ಬಿಸಿ ತೋರಿಸಿದ್ದು ಇನ್ನೊಂದು ಅನುಪಾತವನ್ನು. ಒಂದು ವರ್ಷದೊಳಗೆ ನೂರು ಕೊಡಬೇಕಾದರೆ ನಮ್ಮ ಹತ್ತಿರ ನೂರ ಅರವತ್ತರ ಆಸ್ತಿ ಇದೆ, ಇದಕ್ಕಿಂತ ಗಟ್ಟಿ ಕಂಪನಿ ಬೇಕಾ ಎಂದರು. ಆ ನೂರ ಅರವತ್ತರಲ್ಲಿ ನೂರ ಮೂವತ್ತೆಂಟು ಮಾರಾಟವಾಗದ ಮನೆ, ಅರ್ಧ ಎದ್ದ ಗೋಡೆ ಮತ್ತು ಹೊಳೆ ಪಕ್ಕದ ಹುಲ್ಲು. ಅದನ್ನು ತೆಗೆದಿಟ್ಟೆ. ಕೈಗೆ ಸಿಗುವ ಹಣ ಉಳಿದದ್ದು ನೂರಕ್ಕೆ ಇಪ್ಪತ್ತೆರಡು. ಅವರು ಒಪ್ಪಲಿಲ್ಲ. "ಮುಂಗಡ ಕೊಟ್ಟೋರಿಗೆ ದುಡ್ಡು ವಾಪಸ್ ಕೊಡ್ತೀವಾ? ಮನೆ ಕೊಡ್ತೀವಿ. ಅದನ್ನ ಯಾಕೆ ಸಾಲಕ್ಕೆ ಸೇರಿಸ್ತೀಯಾ?" ಎಂದರು. ಅದು ನ್ಯಾಯವಾದ ಮಾತೇ. ಅದಕ್ಕೇ ಮುಂಗಡವನ್ನೆಲ್ಲ ಬಿಟ್ಟು ಮತ್ತೆ ಲೆಕ್ಕ ಹಾಕಿದೆ. ಸಿಮೆಂಟಿನವರು, ಕಬ್ಬಿಣದವರು, ಕೂಲಿ, ಬ್ಯಾಂಕಿನ ಕಂತು, ಇಷ್ಟಕ್ಕೇ ಐವತ್ತು ಬೇಕು. ಇರುವುದು ಅದೇ ಇಪ್ಪತ್ತೆರಡು. ಆಗ ಅವರು ಧ್ವನಿ ತಗ್ಗಿಸಿ ಇನ್ನೊಂದು ದಾರಿ ಹೇಳಿದರು. ಎರಡನೇ ಕಟ್ಟಡವನ್ನು ಮುಗಿದಿದೆ ಎಂದು ಬರೆದು, ಅದರ ಮಾರಾಟವನ್ನೆಲ್ಲ ಈ ವರ್ಷದ ಆದಾಯಕ್ಕೆ ಸೇರಿಸಿದರೆ ಲಾಭವೂ ಏರುತ್ತದೆ, ಬಂಡವಾಳವೂ ಏರುತ್ತದೆ, ಎಲ್ಲ ಅನುಪಾತವೂ ತಾನಾಗಿ ಸರಿಹೋಗುತ್ತದೆ. "ಮೂರು ತಿಂಗಳು ಹಿಂದೆ ಮುಂದೆ ಅಷ್ಟೇ ತಾನೇ?"

ನಾನು ಜಗಳವಾಡಲಿಲ್ಲ ಅಪ್ಪಾ, ಆಶ್ಚರ್ಯಪಡಬೇಡಿ. ಚಪ್ಪಲಿ ಮೆಟ್ಟಿಕೊಂಡು ಎರಡನೇ ಕಟ್ಟಡಕ್ಕೆ ನಡೆದುಕೊಂಡು ಹೋದೆ. ಲಿಫ್ಟಿನ ಜಾಗದಲ್ಲಿ ಬರೀ ಗುಂಡಿ, ಅಡ್ಡಕ್ಕೊಂದು ಹಗ್ಗ. ನಾಲ್ಕನೇ ಮಹಡಿಯಿಂದಾಚೆ ಗೋಡೆಯೇ ಇಲ್ಲ. ಮೂರನೆಯದರಲ್ಲಿ ಯಾರೋ ಮಾತಾಡುವುದು ಕೇಳಿಸಿತು. ಬಸ್ ಓಡಿಸುವವರೊಬ್ಬರು ಮತ್ತು ಅವರ ಹೆಂಡತಿ. ರಜೆ ಸಿಕ್ಕಾಗಲೆಲ್ಲ ಬಂದು ತಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಾರಂತೆ. ಆಕೆ ಗಿಲಾವೂ ಆಗದ ಅಡುಗೆಮನೆ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದಿದ್ದರು, ಇಲ್ಲಿ ಒಲೆ, ಇಲ್ಲಿ ಡಬ್ಬಿ ಇಡುವ ಹಲಗೆ, ಇಲ್ಲಿ ಮಿಕ್ಸಿ. ಕಿಟಕಿ ಕೂರದ ಕಂಡಿಗೆ ಹಳೇ ಸೀರೆ ಕಟ್ಟಿದ್ದರು, ಬಿಸಿಲು ಬರುತ್ತದೆಂದು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ನೀವೂ ಇಲ್ಲೇ ತಗೊಂಡಿದ್ದೀರಾ? ಯಾವ ಮಹಡಿ?" ಎಂದು ಅಕ್ಕರೆಯಿಂದ ಕೇಳಿದರು. ಕೆಲಸ ಯಾಕೆ ನಿಂತಿದೆ ಎಂದು ವಿಚಾರಿಸಿದರೆ ಕಚೇರಿಯವರು ಮರಳು ಸಿಗುತ್ತಿಲ್ಲ ಅಂತಾರೆ ಎಂದರು ಆಕೆಯ ಗಂಡ. ನಾನು ಕಂಪನಿಯ ಯಜಮಾನರ ಮಗಳು ಎಂದು ಹೇಳಿದೆ. ಮರಳಲ್ಲ, ದುಡ್ಡು ಇಲ್ಲ ಎಂದೂ ಹೇಳಿದೆ. ಆಕೆ ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಸೆರಗಿನಲ್ಲಿ ಒರೆಸುತ್ತಾ ನಿಂತರು. ಗಂಡ ಮಾತ್ರ ನನ್ನನ್ನು ನೇರ ನೋಡಿ, "ನಮ್ಮ ದುಡ್ಡು ತಿಂದು ಬೇರೆಯವರಿಗೆ ಕಟ್ತಿದ್ದೀರಾ?" ಎಂದರು. ಅಪ್ಪಾ, ಅದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ನನಗೂ ಹೇಳಿಕೊಡಿ.

ವಾಪಸು ಬಂದು ಚಿಕ್ಕಪ್ಪನಿಗೆ ಆ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ ಎಂದೆ. ಮುಂದಿನದ್ದನ್ನು ಅಮ್ಮನ ಬಾಯಿಂದಲೇ ಕೇಳಿ, ಅವಳು ಅಭಿನಯ ಮಾಡಿ ತೋರಿಸುತ್ತಾಳೆ. ನಮ್ಮ ಊಟದ ಮೇಜಿನ ಸುತ್ತ ಮೂರು ಜನ ನಿರ್ದೇಶಕರ ಸಭೆ. ಚಿಕ್ಕಪ್ಪ ತಟ್ಟೆ ದೂರ ಸರಿಸಿ, "ನಿನ್ನನ್ನ ಸ್ಕೂಟರ್ ಮೇಲೆ ಕೂರಿಸ್ಕೊಂಡು ಶಾಲೆಗೆ ಬಿಟ್ಟವನು ನಾನು, ಈಗ ನನ್ನನ್ನೇ ಕಳ್ಳ ಅಂತೀಯಾ?" ಎಂದರು. ಕಳ್ಳ ಅನ್ನಲಿಲ್ಲ, ಅನ್ನುವುದೂ ಇಲ್ಲ. ಅವರು ಒಂದು ಕಾಸೂ ಸ್ವಂತಕ್ಕೆ ತೆಗೆದಿಲ್ಲ, ಅದನ್ನು ನಾನೇ ತಪಾಸಣೆ ಮಾಡಿದ್ದೇನೆ. ಅವರ ಕಣ್ಣಲ್ಲಿ ನೀರು ಬಂತು. "ಅಣ್ಣ ಎದ್ದು ಬಂದಾಗ ಕಂಪನಿ ಕುಗ್ಗಿದೆ ಅಂತ ಯಾವ ಮುಖ ಇಟ್ಕೊಂಡು ಹೇಳಲಿ?" ಎಂದರು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಸಹಿ ಹಾಕಬೇಕು ಅನ್ನಿಸಲಿಲ್ಲ. ಆಗ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಕೂತಳು. ಇಷ್ಟು ವರ್ಷ ನೀವು ಬೆರಳಿಟ್ಟ ಕಡೆ ಸಹಿ ಹಾಕಿದವಳು. "ಒಂದೇ ಒಂದು ಹೇಳಿ. ಮೂರನೇದರ ದುಡ್ಡಲ್ಲಿ ಎರಡನೇದು ಮುಗಿಸಿದ್ರೆ, ಮೂರನೇದನ್ನ ಯಾರ ದುಡ್ಡಲ್ಲಿ ಮುಗಿಸ್ತೀರಿ?" ಎಂದಳು. ಚಿಕ್ಕಪ್ಪ "ನಾಲ್ಕನೇದು..." ಎಂದು ಬಾಯಿ ತೆರೆದವರು ಹಾಗೇ ಮುಚ್ಚಿದರು. ಅಮ್ಮ ನನ್ನ ಕಡೆ ಮತ ಹಾಕಿದಳು. ಹಾಕಿ, ಅನ್ನ ಆರಿಹೋಗುತ್ತೆ ತಿನ್ನಿ ಅಂದಳು. ಚಿಕ್ಕಪ್ಪ ತಿನ್ನದೆ ಎದ್ದು ಹೋದರು.

ಬ್ಯಾಂಕಿಗೆ ನಾನೇ ಹೋದೆ. ಸಾಲ ವಿಭಾಗದ ಅಧಿಕಾರಿ ನನಗಿಂತ ಚಿಕ್ಕವಳು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಇದ್ದ ಲೆಕ್ಕ ಇದ್ದ ಹಾಗೆ ಮುಂದಿಟ್ಟೆ, ಇಪ್ಪತ್ತೆರಡು ಇದ್ದ ಹಾಳೆ ಎಲ್ಲಕ್ಕಿಂತ ಮೇಲೆ. ಆಕೆ ಓದಿ, ಕರವಸ್ತ್ರ ಮಡಚಿ, "ಇದನ್ನ ನೀವೇ ಯಾಕೆ ತೋರಿಸ್ತಿದ್ದೀರಿ?" ಎಂದಳು. "ಮುಂದಿನ ವರ್ಷ ನೀವೇ ಕಂಡುಹಿಡೀತೀರಿ. ಆಗ ನಾನು ಇಲ್ಲಿ ಹೀಗೆ ತಲೆ ಎತ್ತಿ ಕೂತಿರೋಕೆ ಆಗಲ್ಲ" ಎಂದೆ. ಅವಳು ನಗಲಿಲ್ಲ. ಹೊಸ ಸಾಲ ಸಾಧ್ಯವೇ ಇಲ್ಲ ಎಂದಳು. ಬಡ್ಡಿಯನ್ನು ಶೇಕಡಾ ಅರ್ಧದಷ್ಟು ಏರಿಸಿದಳು. ನಿಜ ಹೇಳಿದ್ದಕ್ಕೆ ಹಾರ ಹಾಕಿ ಕಳಿಸುತ್ತಾರೆಂದು ನಾನೇನೂ ಹೋಗಿರಲಿಲ್ಲ. ಆದರೆ ಹಳೆಯ ಸಾಲದ ಕಂತನ್ನು ಇನ್ನೂ ಎರಡು ವರ್ಷಕ್ಕೆ ಹಿಗ್ಗಿಸಲು ಒಪ್ಪಿದಳು, ಮೂರನೇ ಕಟ್ಟಡ ಕೈಬಿಟ್ಟು ಎರಡನೆಯದನ್ನು ಮೊದಲು ಮುಗಿಸುವುದಾದರೆ. ಅದಕ್ಕೇ ಬೀಗ ಹಾಕಿದ್ದ ಮನೆಗಳ ಬೆಲೆ ಇಳಿಸಿದೆ. ಎರಡು ಆಗಲೇ ಹೋದವು. ಹೊಳೆ ಪಕ್ಕದ ಜಾಗ ಮಾರಾಟಕ್ಕಿದೆ ಎಂದು ಫಲಕ ಹಾಕಿಸಿದೆ. ನೀವು ಕೊಟ್ಟದ್ದಕ್ಕಿಂತ ಕಡಿಮೆಗೇ ಹೋಗುತ್ತದೆ, ಹೋಗಲಿ. ಕಂಪನಿ ಉಳಿಯುತ್ತದೆಯೇ ಎಂದು ಕೇಳಿದರೆ ಖಂಡಿತ ಎನ್ನಲಾರೆ. ಸುಳ್ಳಿನ ಮೇಲೆ ಉಳಿಯುವುದಿಲ್ಲ, ಅಷ್ಟು ಗೊತ್ತು.

ಗುರುವಾರದಿಂದ ಎರಡನೇ ಕಟ್ಟಡದಲ್ಲಿ ಗಾರೆಯವರು ಇಳಿದಿದ್ದಾರೆ. ಕಬ್ಬಿಣದವರಿಗೆ ಅರ್ಧ ಕೊಟ್ಟೆ, ಬಾಕಿಗೆ ತಾರೀಖು ಬರೆದುಕೊಟ್ಟೆ. ಅವರು ಬೈದುಕೊಂಡೇ ಲಾರಿ ಕಳಿಸಿದರು. ಚಿಕ್ಕಪ್ಪ ನನ್ನ ಜೊತೆ ಇನ್ನೂ ಮಾತಾಡುತ್ತಿಲ್ಲ. ಆದರೂ ಬೆಳಗ್ಗೆ ಎಲ್ಲರಿಗಿಂತ ಮೊದಲು ಅಲ್ಲಿಗೆ ಬಂದು, ತಲೆಗೆ ಟವೆಲು ಸುತ್ತಿಕೊಂಡು, ಗಾರೆಯವರ ಮೇಲೆ ಕೂಗಾಡುತ್ತಾರೆ. ಅವರಿಗೆ ನೀವೊಂದು ಕಾಗದ ಬರೆಯಿರಿ. ನನ್ನ ಪರವಾಗಿಯೇ ಬರೆಯಬೇಕೆಂದಿಲ್ಲ, ಅವರ ಮುಖ ಸಣ್ಣದಾಗಿದೆ, ಅದಕ್ಕೆ. ನನ್ನ ಮೇಲೆ ನಿಮಗೆ ಎಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೆಜ್ಜೆ ಇಟ್ಟಿದ್ದೇನೆ.

ಅಕ್ಕ ಭಾವನಿಗೆ ನನ್ನ ನೆನಪು ಹೇಳಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಕಾಲಿಗೆ ನಮಸ್ಕಾರ, ಆಶೀರ್ವಾದವನ್ನು ಈಗಲೇ ಕಳಿಸದಿದ್ದರೂ ಪರವಾಗಿಲ್ಲ, ಸಿಟ್ಟಿಳಿದ ಮೇಲೆ ಕಳಿಸಿ.

ನಿಮ್ಮ ಚಿಕ್ಕವಳು

ವಿ.ಸೂ: ಸೋಮವಾರ ಬೆಳಗ್ಗೆ, ಮನೆಯಲ್ಲಿ. ಅಮ್ಮ ಚೀಲ ತುಂಬುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಇದರ ಜೊತೆ ಬ್ಯಾಂಕಿನ ಒಂದು ಹಾಳೆಯಿದೆ. ಇನ್ನು ಮುಂದೆ ಕಂಪನಿಯ ಯಾವ ಚೆಕ್ಕೂ ಒಬ್ಬರ ಸಹಿಯಿಂದ ಹೋಗುವುದಿಲ್ಲ, ಎರಡು ಬೇಕು, ಅದರಲ್ಲೊಂದು ನನ್ನದು. ನಾನು ತಪಾಸಣೆಯ ಕೆಲಸ ಬಿಟ್ಟೆ, ಒಂದನೇ ತಾರೀಖಿನಿಂದ ನಮ್ಮ ಕಚೇರಿಯಲ್ಲೇ. ಅಮ್ಮ ಸಹಿ ಹಾಕಿದ್ದಾಳೆ. ಚಿಕ್ಕಪ್ಪನೂ ಹಾಕಿದರು, ಪೆನ್ನನ್ನು ಮೇಜಿನ ಮೇಲೆ ಎಸೆದರು, ಆದರೂ ಹಾಕಿದರು. ಉಳಿದದ್ದು ನಿಮ್ಮದೊಂದೇ. ಇದು ಬ್ಯಾಂಕಿನವರು ಹಾಕಿದ ಷರತ್ತು ಎಂದು ಬರೆದಿದ್ದರೆ ನೀವು ಅವರನ್ನು ಬೈದುಕೊಂಡು ಸಹಿ ಹಾಕುತ್ತಿದ್ದಿರಿ, ನನಗೂ ಸುಲಭವಾಗುತ್ತಿತ್ತು. ಬ್ಯಾಂಕಿನವರು ಇದನ್ನು ಕೇಳಿಯೇ ಇಲ್ಲ ಅಪ್ಪಾ. ಷರತ್ತು ನನ್ನದು.