ಫಿಸ್ ಅಂದರೆ ಎಷ್ಟು ಮಂದಿ

ಅಪ್ಪಾ,

ಕಾಫಿ ಬೀಸುವ ಯಂತ್ರ ಮಾಡುತ್ತಿದ್ದ ನಿನ್ನ ಕಾರ್ಖಾನೆಯಿಂದ ಇವತ್ತು ಮೊದಲ ಮೋಟಾರು ಕಾರು ಹೊರಬಂದು ಚರ್ಚಿನ ದಿಬ್ಬ ಹತ್ತಿತು. ಎಂಜಿನ್ನು ತಮ್ಮ ಎವಾರಿಸ್ಟನದು. ನಾನು ಹೊಲಿದ ಚರ್ಮದ ಸೀಟನ್ನು ಯಾರೂ ಮುಟ್ಟಿ ಕೂಡ ನೋಡಲಿಲ್ಲ.

ಮುಂದುಗಡೆ, ನೀನು ಸಾಯುವ ಮುಂಚೆ ಕೆತ್ತಿಸಿದ ಹಿತ್ತಾಳೆ ಫಲಕ: ‘ವೊಕುರ್ ಎ ಫಿಸ್’. ವೊಕುರ್ ನಮ್ಮ ಮನೆತನದ ಹೆಸರು, ‘ಎ’ ಅಂದರೆ ‘ಮತ್ತು’; ಆದರೆ ನಮ್ಮ ಫ್ರೆಂಚ್ ಮಾತಿನಲ್ಲಿ ಒಬ್ಬ ಮಗನಿದ್ದರೂ ಫಿಸ್, ಇಬ್ಬರಿದ್ದರೂ ಫಿಸ್. ಆ ಒಬ್ಬ ಎವಾರಿಸ್ಟನೇ ಅಂತ ನನಗೆ ಹೊಟ್ಟೆ ಉರಿಯುತ್ತಲೇ ಇತ್ತು, ನೀನಿದ್ದಾಗ ಕೇಳಲಿಲ್ಲ.

ಮೇಯರ್ ಕೇಳಿಯೇಬಿಟ್ಟರು: “ಇದೇನಯ್ಯಾ, ಒಬ್ಬ ಮಗನೋ, ಇಬ್ಬರೋ?”

ಎವಾರಿಸ್ಟ್ ಕೈಯ ಎಣ್ಣೆ ಒರೆಸುತ್ತ ಅಂದ: “ಇಬ್ಬರು ಸ್ವಾಮಿ. ಮೊದಲು ನಮ್ಮಣ್ಣ, ಆಮೇಲೆ ನಾನು.”

ಅದೇ ಹೊತ್ತಿಗೆ “ಒಬ್ಬನೇ, ನಾನೇ” ಅನ್ನಲು ನಾನು ಬಾಯಿ ತೆರೆದಿದ್ದೆ, ಅಪ್ಪಾ.