ಟೋಪಿಗೆ ಮೀಸೆ ಯಾಕೆ

ಕೆಸರೆ, ಮೈಸೂರು
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಸುಮಾ,

ಹೇಗಿದ್ದೀಯಮ್ಮ? ಅತ್ತೆ ಹೋದಾಗಿನಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ನಿನ್ನ ಯಜಮಾನರು ಹೇಳಿದರು. ಹೊತ್ತು ಹೊತ್ತಿಗೆ ತಿನ್ನು. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಒಂದೇ ಕೋಣೆ. ನಿನ್ನಣ್ಣನಿಗೆ ಕೈಕಾಲು, ನಾಲಿಗೆ ಬಿದ್ದುಹೋಗಿದ್ದರೂ ಕಿವಿ ಚುರುಕು. ಅದಕ್ಕೇ ಕೊಳ್ಳೇಗಾಲದ ಬಸ್ಸಿನ ಸಿದ್ದು ಕೈಯಲ್ಲಿ ಈ ಪತ್ರ.

ಸಂಶೋಧನೆಯವರ ಟೋಪಿ ಈ ವಾರ ಬಂತು. ತಲೆಗೆ ಹಾಕಿ ವೈರು ಜೋಡಿಸಿದರೆ ಎದುರಿನ ಪರದೆಯಲ್ಲಿ ಅಕ್ಷರಗಳು ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿದಾಗ ಮನಸ್ಸಿಟ್ಟರೆ ಸಾಕು, ಯಂತ್ರ ಮಿದುಳಿನಿಂದಲೇ ತಿಳಿದು ಬರೆಯುತ್ತದೆ. ಇಷ್ಟು ದಿನ ನಾವು ಕೇಳಿದ್ದಕ್ಕೆ ರೆಪ್ಪೆ ಬಡಿದು ಹೌದು, ಇಲ್ಲ ಅನ್ನುವುದಷ್ಟೇ ಇತ್ತಲ್ಲ. ತಾವಾಗಿ ಕೇಳಲು ದಾರಿಯೇ ಇರಲಿಲ್ಲ. ಮೊದಲ ಮಾತು ನನ್ನ ಹೆಸರೇ ಇರುತ್ತದೆಂದು, ನಗಬೇಡ, ಒಳ್ಳೆಯ ಸೀರೆ ಉಟ್ಟು ಕೂತಿದ್ದೆ. ಒಂದೊಂದೇ ಅಕ್ಷರ ಮೂಡಿತು. ಯಂತ್ರ ತಂದಿದ್ದ ಅನುಪಮಾ ಜೋರಾಗಿ ಓದಿದಳು: ‘ಮೀಸೆ ಯಾಕೆ ತೆಗೆದ್ರಿ.’

ಅತ್ತೆ ಹೋದ ದಿನ ‘ಅಣ್ಣಂಗೆ ಹೇಳ್ಬುಟ್ಟೀರಾ ಅತ್ಗೆ, ತಡ್ಕಳಕಿಲ್ಲ’ ಅಂದವಳು ನೀನು. ಹಿರಿಮಗನ ತಲೆ ಬೋಳಿಸದೆ ಆಗದು ಎಂದವರು ಹಿರಿಯರು. ಟೋಪಿ ಕೂರಬೇಕಲ್ಲ, ಅದಕ್ಕೇ ಕೂದಲು ತೆಗೆಸುತ್ತಿದ್ದೇವೆ ಎಂದು ಸುಳ್ಳು ಕಟ್ಟಿದವಳು ನಾನು. ಬಲು ಜಾಣೆ ಅಂದುಕೊಂಡಿದ್ದೆ. ಕ್ಷೌರದವರು ರೂಢಿಯಂತೆ ಮೀಸೆಯನ್ನೂ ತೆಗೆದರು. ಪಕ್ಕದಲ್ಲೇ ನಿಂತಿದ್ದೆ, ಹೊಳೆಯಲೇ ಇಲ್ಲ. ಬಸ್ಸು ಓಡಿಸುವಾಗ ಕನ್ನಡಿಯಲ್ಲಿ ರಸ್ತೆಗಿಂತ ಮೀಸೆಯನ್ನೇ ಹೆಚ್ಚು ನೋಡಿಕೊಳ್ಳುತ್ತಿದ್ದ ಮನುಷ್ಯ, ಟೋಪಿಗೆ ಮೀಸೆ ಯಾಕೆ ಎಂದು ಯೋಚಿಸದೆ ಇರುತ್ತಾರೆಯೇ? ನಾನು ಉತ್ತರ ಹುಡುಕುವ ಮೊದಲೇ ಮುಂದಿನದು ಬಂತು: ‘ಅವ್ವ ಹೋದ್ಲಾ.’

ಹೌದು ಅಂದೆ. ಕಣ್ಣೀರು ಕಿವಿಯವರೆಗೆ ಇಳಿಯಿತು, ಒರೆಸಿಕೊಳ್ಳಲು ಅವರ ಕೈ ಏಳದು. ಮೀಸೆ ಹೋದ ದಿನವೇ ಅವರಿಗೆ ಗೊತ್ತಾಗಿತ್ತು ಸುಮಾ. ‘ಅತ್ತೆ ಚೆನ್ನಾಗಿದ್ದಾರೆ, ಗೊತ್ತಾಯ್ತಾ’ ಎಂದು ನಾನು ಕೇಳಿದಾಗಲೆಲ್ಲ, ನನಗೆ ನೋವಾಗಬಾರದೆಂದು ರೆಪ್ಪೆ ಬಡಿದು ಹೌದು ಅನ್ನುತ್ತಿದ್ದರು.

ಮಕ್ಕಳು ಸುಖವಾಗಿರಲಿ. ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅತ್ತಿಗೆ,
ಸರ್ವಮಂಗಳಾ

ಮರೆತಿದ್ದೆ: ಸೋಮವಾರ ಟೋಪಿ ವಾಪಸ್ ಒಯ್ಯುತ್ತಾರೆ, ಮತ್ತೆ ಯಾವಾಗ ತರುತ್ತಾರೋ ಗೊತ್ತಿಲ್ಲ. ಅಷ್ಟರೊಳಗೆ ಬಾ. ಅತ್ತೆ ಕಣ್ಣು ಮುಚ್ಚಿದ್ದು ನಿನ್ನ ಮನೆಯಲ್ಲಿ. ನಿನ್ನೆಯಿಂದ ನಿನ್ನಣ್ಣ ಒಂದನ್ನೇ ಬರೆಯುತ್ತಿದ್ದಾರೆ: ‘ಅವ್ವ ನನ್ನ ಕೇಳಿದ್ಲಾ.’ ಕೇಳಿರದಿದ್ದರೆ ಇಲ್ಲ ಅಂತಲೇ ಹೇಳು. ಕೇಳಿದ್ದರೆ, ಟೋಪಿ ತಲೆಯ ಮೇಲಿರುವಾಗಲೇ ಹೇಳು. ಅವರು ಅವ್ವನಿಗೆ ಓಗೊಡಬೇಕಲ್ಲ.