ಅಪ್ಪ ಫೋನಿನಲ್ಲಿ ಕೊಟ್ಟ ಉತ್ತರ

ಅಪ್ಪಾ, ಶನಿವಾರ ನನ್ನ ಮದುವೆಯಾಯಿತು, ಟೋಬಿಯಸ್ ಜೊತೆ, ಖುಷಿಗೆ ನನ್ನ ಕಾಲು ಇನ್ನೂ ನೆಲದ ಮೇಲೆ ನಿಲ್ಲುತ್ತಿಲ್ಲ.

ಚಳಿಗಾಲದಲ್ಲಿ ನೀನು ತೀರಿಕೊಂಡ ಮೇಲೆ, ಮದುವೆಯಲ್ಲಿ ಅಪ್ಪ ಮಗಳು ಜೊತೆಯಾಗಿ ಕುಣಿಯುವ ಹಾಡು ಬೇಡವೆಂದು ನಾನು ಹೇಳಿದ್ದೆ. ಆದರೂ ನಿನ್ನ ಕಲ್ಲಿದ್ದಲು ಗಣಿಯ ಗೆಳೆಯ ಡೆಲ್ಬರ್ಟ್ ಅಂಕಲ್ ಅದನ್ನು ಹಾಕಿಸಿ, ನನ್ನ ಕೈ ಹಿಡಿದು ಎಬ್ಬಿಸಿದರು. ಎರಡು ಸಲ ಕಾಲು ತುಳಿದರು.

"ನಿಮ್ಮಪ್ಪ ಇನ್ನೂ ಕೆಟ್ಟದಾಗಿ ಕುಣೀತಿದ್ದ, ಸುಮ್ನಿರು," ಅಂದರು. ಆಮೇಲೆ ದನಿ ತಗ್ಗಿಸಿ, "ಒಂದಿನ ಯಾರೋ ಸಮೀಕ್ಷೆಯವರು ಅವನಿಗೆ ಫೋನ್ ಮಾಡಿದ್ರು ಕಣಮ್ಮ, ಭೂಮಿ ಬಿಸಿಯಾಗ್ತಿರೋದು ನಿಜಾನಾ ಅಂತ. 'ನಿಜ, ನಂಗೆ ತುಂಬ ಚಿಂತೆ ಇದೆ ಅಂತ ಬರ್ಕೊಳ್ಳಿ' ಅಂದ. ಪಕ್ಕದಲ್ಲೇ ಕೂತಿದ್ದೆ ನಾನು. ಫೋನ್ ಇಟ್ಟು, 'ನನ್ನ ಮಗಳಿಗೆ ಹೇಳಿದ್ರೆ ಹಲ್ಲು ಉದುರಿಸ್ತೀನಿ. ಗಣಿಯವ್ರಲ್ಲಿ ಹಿಂಗೆ ಅನ್ಕೊಳ್ಳೋನು ನಾನೊಬ್ಬನೇ' ಅಂದ."

"ನೀವೇನಂದ್ರಿ?"

"ಏನಂತೀನಿ? ಅದಕ್ಕೂ ಹಿಂದಿನ ವಾರ ನಂಗೂ ಆ ಫೋನ್ ಬಂದಿತ್ತು. ನಾನೂ ಅದೇ ಉತ್ತರ ಕೊಟ್ಟಿದ್ದೆ. ಅವನಿಗೆ ಹೇಳೋ ಧೈರ್ಯ ಬರ್ಲಿಲ್ಲ."

ಹಾಡು ಮುಗಿದರೂ ನಾವು ಕುಣಿಯುತ್ತಲೇ ಇದ್ದೆವು, ಅಪ್ಪಾ. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ನಾನು ಇದೇ ಮಾತು ಎತ್ತಿದ್ದಕ್ಕೆ ನೀನು ತಟ್ಟೆ ಬಿಟ್ಟು ಎದ್ದು ಹೋಗಿದ್ದೆ. ಅಲ್ಲಿಂದ ಮುಂದೆ ಫೋನಿನಲ್ಲಿ ನಾವು ಮಳೆ ಬಿಸಿಲಿನ ಮಾತನ್ನೂ ಎತ್ತಲಿಲ್ಲ.

ಮದುವೆಯ ಕುಕಿಗಳನ್ನು ನಿನಗೆಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಸ್ಮಶಾನದ ಗೇಟಿನ ಹತ್ತಿರ ಟೋಬಿಯಸ್‌ನನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ನಾವಿಬ್ಬರೇ ಮಳೆ ಬಿಸಿಲಿನ ಬಗ್ಗೆ ಮಾತಾಡೋಣ. ಬುಧವಾರ, ಕಾರ್ಡಿನಲ್ ರೈಲಿನಲ್ಲಿ ಬಂದು ಹಿಂಟನ್ ನಿಲ್ದಾಣದಲ್ಲಿ ಇಳಿಯುತ್ತೇವೆ.